ಸಕ್ಕರೆಗೆ ನೀರು, ಜಿಡ್ಡಿಗೆ ಸ್ಪಿರಿಟ್

ಏಪ್ರಿಲ್‌ನಲ್ಲಿ ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿರುತ್ತದೆ, ಒರೆಸಿ ಮರೆತಿರುತ್ತೇವೆ. ಜುಲೈ ಬರುವ ಹೊತ್ತಿಗೆ ಅದೇ ಜಾಗದ ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಮನೆಯಲ್ಲೋ ಸೊಸೈಟಿಯಲ್ಲೋ ಪಂಚಾಯಿತಿ ಕಚೇರಿಯಲ್ಲೋ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ಗೊತ್ತಿರುವ ಸಂಗತಿಯೇ. ಮಳೆಗೆ ಕೀಬೋರ್ಡ್ ಹಾಳಾಯಿತು ಅನ್ನುತ್ತೇವೆ. ಮಳೆಯ ಪಾಲು ಇರುವುದು ನಿಜ. ಆದರೆ ಹಾಳಿನ ಮೂಲ ಮೂರು ತಿಂಗಳ ಹಿಂದೆ ಒಳಗಿಳಿದ ಸಕ್ಕರೆ. ಮಳೆಗಾಲ ಅದನ್ನು ಮತ್ತೆ ಕರಗಿಸಿತು, ಅಷ್ಟೆ.

ಆರಿದ್ರಾ ಮಳೆ ಹಿಡಿದ ಮೇಲೆ ಡಬ್ಬಿಯಲ್ಲಿಟ್ಟ ಬೆಲ್ಲ ನೀರೊಡೆಯುವುದನ್ನು ಮಲೆನಾಡಿನ ಎಲ್ಲ ಅಡುಗೆಮನೆಗಳೂ ಕಂಡಿವೆ. ಕೀ ಕೆಳಗೆ ನಡೆಯುವುದೂ ಇದೇ ಕ್ರಿಯೆ. ಗಾಳಿಯ ತೇವ ಒಂದು ಮಟ್ಟ ದಾಟಿದರೆ ಸಕ್ಕರೆ ಆ ತೇವವನ್ನು ಎಳೆದುಕೊಂಡು ತಾನೇ ಪಾಕವಾಗುತ್ತದೆ. ಬಿಳಿ ಸಕ್ಕರೆಗೆ ಆ ಮಟ್ಟ ಸುಮಾರು ಶೇ. 85. ಜೇನು, ಹಣ್ಣಿನ ರಸ, ಬೆಲ್ಲಗಳಲ್ಲಿರುವ ಫ್ರಕ್ಟೋಸ್‌ಗೆ ಶೇ. 62ರ ಆಸುಪಾಸೇ ಸಾಕು. ಸಿರಿಮನೆ ಜಲಪಾತದ ಸುತ್ತಿನ ಕಾಡು, ತೋಟ, ಮನೆಗಳಲ್ಲಿ ಜುಲೈ, ಆಗಸ್ಟ್ ತಿಂಗಳಲ್ಲಿ ಗಾಳಿಯ ತೇವ ಶೇ. 90ರ ಮೇಲೆಯೇ ದಿನಗಟ್ಟಲೆ ನಿಂತಿರುತ್ತದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಕಿಗ್ಗದಲ್ಲಿ ಜನ ಋಷ್ಯಶೃಂಗೇಶ್ವರನಿಗೆ ಮಳೆ ಬರಲೆಂದೂ ಹರಕೆ ಹೊರುತ್ತಾರೆ, ಮಳೆ ಸಾಕೆಂದೂ ಹರಕೆ ಹೊರುತ್ತಾರೆ. ಅಂಥ ಸೀಮೆಯಲ್ಲಿ, ಬೇಸಿಗೆಯಲ್ಲಿ ಗಟ್ಟಿಯಾಗಿ ಸುಮ್ಮನಿದ್ದ ಸಕ್ಕರೆ ಮಳೆಗಾಲದಲ್ಲಿ ಎರಡನೇ ಸಲ ಹರಿದು, ಮೊದಲ ಸಲ ತಲುಪದಿದ್ದ ಜಾಗಕ್ಕೂ ತಲುಪುತ್ತದೆ.

ಕೀಬೋರ್ಡ್ ಸ್ವಚ್ಛ ಮಾಡುವುದು ಹೇಗೆ ಎಂದು ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ ಸ್ಪಿರಿಟ್, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್. ಸಲಹೆ ತಪ್ಪಲ್ಲ. ಆದರೆ ನಮ್ಮ ಕಡೆಯ ಕೀಬೋರ್ಡುಗಳಿಗೆ ಬಹುಪಾಲು ಅಂಟಿರುವುದು ಸಿಹಿ ಕಾಫಿ, ಬೆಲ್ಲದ ಪಾನಕ, ಮಕ್ಕಳ ಜ್ಯೂಸು. ಶುದ್ಧ ಆಲ್ಕೋಹಾಲಿನಲ್ಲಿ ಸಕ್ಕರೆ ಕರಗುವುದೇ ಇಲ್ಲ ಎನ್ನಬಹುದು. ಅದೇ ಒಂದು ಲೀಟರ್ ನೀರಿನಲ್ಲಿ ಸುಮಾರು ಎರಡು ಕಿಲೋ ಸಕ್ಕರೆ ಕರಗಿಬಿಡುತ್ತದೆ. ಹಾಗಾಗಿ ಶೇ. 99ರ ದುಬಾರಿ ಸ್ಪಿರಿಟ್ ತಂದು ಹತ್ತಿಯಲ್ಲಿ ಎಷ್ಟು ಉಜ್ಜಿದರೂ ಕಾಫಿ ಚೆಲ್ಲಿದ ಕೀ ಬಿಡುವುದಿಲ್ಲ. ಒಂದೆರಡು ಗಂಟೆ ಸಡಿಲವಾದಂತೆ ಕಂಡು ಸಂಜೆಗೆ ಮತ್ತೆ ಅಂಟುತ್ತದೆ. ಕೀಬೋರ್ಡ್ ಸರಿಪಡಿಸುವ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಯಾವುದರಿಂದ ಒರೆಸಲಿ’ ಎಂಬುದಲ್ಲ, ‘ಏನು ಅಂಟಿದೆ’ ಎಂಬುದು.

ಸಕ್ಕರೆಯಾದರೆ ನೀರು. ಬೆರಳಿನ ಜಿಡ್ಡು, ಎಣ್ಣೆ, ಕರಿದ ತಿಂಡಿಯ ಪಸೆ ಆದರೆ ಸ್ಪಿರಿಟ್ ಅಥವಾ ಪಾತ್ರೆ ತೊಳೆಯುವ ಸೋಪಿನ ನೀರು. ಹಾಲು ಬೆರೆತ ಕಾಫಿಯಲ್ಲಿ ಸಕ್ಕರೆ, ಕೊಬ್ಬು ಎರಡೂ ಇರುವುದರಿಂದ ಎರಡೂ ಬೇಕು: ಮೊದಲು ನೀರು, ಆಮೇಲೆ ಸ್ಪಿರಿಟ್. ಶೇ. 70ರ ಸ್ಪಿರಿಟ್‌ನಲ್ಲಿ ಉಳಿದ 30 ಪಾಲು ನೀರೇ ಆದ್ದರಿಂದ ಇಂಥ ಮಿಶ್ರ ಕೊಳೆಗೆ ಅದೇ ಅನುಕೂಲ. ಹಲಸಿನ ಮೇಣ ತಾಗಿದ್ದರೆ ಕೀಯ ಟೋಪಿಯನ್ನು ಬಿಚ್ಚಿ ಹೊರತೆಗೆದು, ಕೊಬ್ಬರಿ ಎಣ್ಣೆ ಸವರಿ ಮೇಣ ಬಿಡಿಸಿ, ಸೋಪಿನಲ್ಲಿ ತೊಳೆಯಬೇಕು. ಕೀಬೋರ್ಡಿನ ಒಳಗೆ ಮಾತ್ರ ಎಣ್ಣೆ ಎಂದೂ ಬೀಳಬಾರದು. ಅಡಿಕೆ ಸುಲಿಯುವ ದಿನಗಳಲ್ಲಿ ಬೆರಳಿಗೆ ಹಿಡಿಯುವ ಕಪ್ಪು ಕಲೆ ಕೀ ಮೇಲೂ ಕೂರುತ್ತದೆ. ಅದರಿಂದ ಅಂದ ಕೆಡುತ್ತದೆಯೇ ಹೊರತು ಕೀ ಅಂಟುವುದಿಲ್ಲ, ಸೋಪಿನ ನೀರಿಗೆ ಸಾಕಷ್ಟು ಬಿಡುತ್ತದೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದು ಬಂದ ಕೈ ಹಾಗಲ್ಲ. ಆ ದ್ರಾವಣದಲ್ಲಿರುವ ಮೈಲುತುತ್ತು ಲೋಹವನ್ನು ತಿನ್ನುತ್ತದೆ. ತೋಟದಿಂದ ಬಂದು ಮೊಬೈಲ್, ಲ್ಯಾಪ್‌ಟಾಪ್ ಮುಟ್ಟುವ ಮೊದಲು ಕೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.

ಒಳಗೆ ಏನಿದೆ

ಐದುನೂರು ರೂಪಾಯಿ ಆಸುಪಾಸಿಗೆ ಸಿಗುವ ಮಾಮೂಲಿ ಕೀಬೋರ್ಡಿನಲ್ಲಿ ಸುಮಾರು 104 ಕೀ ಇರುತ್ತವೆ. ಆದರೆ ಅಷ್ಟು ಬಿಡಿಬಿಡಿ ಸ್ವಿಚ್ ಇರುವುದಿಲ್ಲ. ಕೆಳಗೆ ತೆಳುವಾದ ಮೂರು ಪ್ಲಾಸ್ಟಿಕ್ ಹಾಳೆಗಳಿವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ಬೆಳ್ಳಿಯ ಪುಡಿ ಬೆರೆಸಿದ, ವಿದ್ಯುತ್ ಹರಿಯುವ ಶಾಯಿಯಲ್ಲಿ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಹಾಳೆಯಲ್ಲಿ ಪ್ರತಿ ಕೀಗೂ ಒಂದೊಂದು ತೂತು. ಹಾಳೆಗಳ ಮೇಲೆ ಪುಟ್ಟ ರಬ್ಬರ್ ಬಟ್ಟಲುಗಳನ್ನು ಬೋರಲು ಹಾಕಿರುತ್ತಾರೆ. ಕೀ ಒತ್ತಿದಾಗ ಬಟ್ಟಲು ಕುಸಿದು ಮೇಲಿನ ಹಾಳೆಯನ್ನು ತೂತಿನೊಳಗಿಂದ ಕೆಳಗಿನ ಹಾಳೆಗೆ ಮುಟ್ಟಿಸುತ್ತದೆ, ಬಿಟ್ಟಾಗ ತಾನೇ ಉಬ್ಬಿ ಕೀಯನ್ನು ಮೇಲಕ್ಕೆತ್ತುತ್ತದೆ. ಸ್ಪ್ರಿಂಗ್ ಕೆಲಸವನ್ನೂ ರಬ್ಬರೇ ಮಾಡುತ್ತದೆ.

ಹಾಳೆಗಳ ಮೇಲಿನ ಗೆರೆಗಳು ಅಡ್ಡ ಸಾಲು, ಉದ್ದ ಸಾಲುಗಳಾಗಿ ಹೆಣೆದುಕೊಂಡಿವೆ. ಮೂಲೆಯಲ್ಲಿರುವ ಚಿಕ್ಕ ಚಿಪ್ಪು ಈ ಸಾಲುಗಳನ್ನು ಸೆಕೆಂಡಿಗೆ ನೂರಾರು ಬಾರಿ ತಡವುತ್ತ, ಯಾವ ಅಡ್ಡಸಾಲು ಯಾವ ಉದ್ದಸಾಲಿಗೆ ಮುಟ್ಟಿದೆ ಎಂದು ನೋಡಿ ಅಕ್ಷರವನ್ನು ನಿರ್ಧರಿಸುತ್ತದೆ. ಇದು ತಿಳಿದಿದ್ದರೆ ಅರ್ಧ ರೋಗಪರೀಕ್ಷೆ ಮುಗಿದಂತೆ. ತೋಟದಲ್ಲಿ ಒಂದು ಮರ ಬಾಡಿದರೆ ಆ ಮರದ ಬುಡ ನೋಡುತ್ತೇವೆ, ಒಂದು ಸಾಲಿನ ಮರಗಳೆಲ್ಲ ಒಟ್ಟಿಗೆ ಬಾಡಿದರೆ ಆ ಸಾಲಿಗೆ ನೀರು ತರುವ ಪೈಪನ್ನು ನೋಡುತ್ತೇವೆ. ಇಲ್ಲೂ ಹಾಗೆಯೇ. ಒಂದೇ ಕೀ ಕೈಕೊಟ್ಟರೆ ಕೊಳೆ ಆ ಕೀ ಕೆಳಗಿದೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ನಾಲ್ಕೈದು ಕೀಗಳು ಒಟ್ಟಿಗೇ ಸತ್ತರೆ ಅವೆಲ್ಲ ಒಂದೇ ಗೆರೆಯ ಮೇಲಿವೆ, ಆ ಗೆರೆ ಎಲ್ಲೋ ಸವೆದು ತುಂಡಾಗಿದೆ ಎಂದರ್ಥ. ಎರಡನೆಯದಕ್ಕೆ ಎಷ್ಟು ಒರೆಸಿದರೂ ಪ್ರಯೋಜನವಿಲ್ಲ.

ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಇವು ಅಗಲದ ಕೀಗಳು. ಒಂದು ತುದಿ ಒತ್ತಿದರೂ ಇಡೀ ಕೀ ಸಮನಾಗಿ ಇಳಿಯಲೆಂದು ಇವುಗಳ ಕೆಳಗೆ ಹೆಚ್ಚಾಗಿ ಒಂದು ಬಗ್ಗಿಸಿದ ತಂತಿ ಇರುತ್ತದೆ. ತಂತಿ ಕೂರುವ ಕೊಕ್ಕೆಗಳಲ್ಲಿ ಅಂಟು ಸೇರಿದರೆ ಕೀ ಒಂದು ಕಡೆ ವಾಲಿ ನಿಲ್ಲುತ್ತದೆ. ಅಗಲದ ಕೀಗಳು ಬೇಗ ತೊಂದರೆ ಕೊಡುವುದಕ್ಕೆ ಇದೇ ಕಾರಣ.

ಲ್ಯಾಪ್‌ಟಾಪಿನಲ್ಲೂ ಹಾಳೆ, ರಬ್ಬರ್ ಇದ್ದೇ ಇವೆ. ಆದರೆ ಕೀ ಟೋಪಿಯನ್ನು ಹಿಡಿದಿರುವುದು ಕತ್ತರಿಯಂತೆ ಒಂದರೊಳಗೊಂದು ಸೇರಿದ ಎರಡು ತೆಳು ಪ್ಲಾಸ್ಟಿಕ್ ಚೌಕಟ್ಟು. ಇದರ ಕೊಕ್ಕೆಗಳು ಬಲು ನಾಜೂಕು. ಕೀ ತೆಳುವಾದಷ್ಟೂ ಕಸಕ್ಕೆ ಜಾಗ ಕಡಿಮೆ, ತೊಂದರೆ ಹೆಚ್ಚು. ಆಪಲ್ ಕಂಪನಿ 2015ರಿಂದ 2019ರವರೆಗೆ ತನ್ನ ಲ್ಯಾಪ್‌ಟಾಪ್‌ಗಳಲ್ಲಿ ಬಳಸಿದ ‘ಬಟರ್‌ಫ್ಲೈ’ ಕೀಬೋರ್ಡ್ ಇದಕ್ಕೆ ಜಗತ್ತಿನಲ್ಲೇ ಹೆಸರಾದ ಉದಾಹರಣೆ. ಸಣ್ಣದೊಂದು ಧೂಳಿನ ಕಣ ಹೊಕ್ಕರೂ ಕೀ ಅಂಟುತ್ತಿತ್ತು ಅಥವಾ ಒಂದು ಅಕ್ಷರ ಎರಡು ಸಲ ಬೀಳುತ್ತಿತ್ತು. 2018ರಲ್ಲಿ ಕಂಪನಿ ಉಚಿತ ದುರಸ್ತಿ ಯೋಜನೆಯನ್ನೇ ಶುರುಮಾಡಬೇಕಾಯಿತು. ಲ್ಯಾಪ್‌ಟಾಪನ್ನು ಸುಮಾರು 75 ಡಿಗ್ರಿ ಓರೆಯಾಗಿ ಹಿಡಿದು ಎಡದಿಂದ ಬಲಕ್ಕೆ ಗಾಳಿ ಊದಬೇಕೆಂಬ ಅದರ ಸೂಚನೆ ಬೇರೆ ಲ್ಯಾಪ್‌ಟಾಪ್‌ಗಳಿಗೂ ಒಳ್ಳೆಯದೇ. ನೆಟ್ಟಗೆ ಮೇಲಿನಿಂದ ಊದಿದರೆ ಕಸ ಇನ್ನೂ ಒಳಕ್ಕೆ ಹೋಗುತ್ತದೆ, ಓರೆ ಹಿಡಿದರೆ ಹೊರಗೆ ಬೀಳುತ್ತದೆ.

ಕೈಗೆ ಗೊತ್ತಾಗುವ ಲಕ್ಷಣ

ಬಿಚ್ಚುವ ಮೊದಲು ಬೆರಳಿಗೆ ಏನು ತಿಳಿಯುತ್ತದೆ ನೋಡಿ. ಒತ್ತಿದ ಕೀ ನಿಧಾನವಾಗಿ ಮೇಲೆ ಬಂದರೆ ಅಂಟು ಇರುವುದು ಟೋಪಿಗೂ ಅದು ಜಾರುವ ಗೂಡಿಗೂ ನಡುವೆ. ಸುಲಭದ ಕೆಲಸ. ಕೀ ಚೆನ್ನಾಗಿಯೇ ಏಳುತ್ತದೆ, ಅಕ್ಷರ ಮಾತ್ರ ಬೀಳುವುದಿಲ್ಲ ಎಂದಾದರೆ ತೊಂದರೆ ಹಾಳೆಗಳ ನಡುವೆ ಇದೆ. ಒಂದು ಸಲ ಒತ್ತಿದರೆ ಅಕ್ಷರ ಸಾಲುಗಟ್ಟಿ ಬಂದರೆ ಹಾಳೆಗಳ ಮಧ್ಯೆ ದ್ರವ ನಿಂತು ಸಂಪರ್ಕ ಬಿಡುತ್ತಿಲ್ಲ, ಇಲ್ಲವೇ ಕೀಯೇ ಕೆಳಗೆ ಕೂತುಬಿಟ್ಟಿದೆ. ಒತ್ತುವಾಗ ‘ಕರಕರ’ ಅಂದರೆ ಅವಲಕ್ಕಿ ಚೂರೋ ಮರಳೋ ಸೇರಿದೆ, ಬೋರಲು ಹಾಕಿ ತಟ್ಟಿದರೇ ಎಷ್ಟೋ ಸಲ ಬಿದ್ದುಹೋಗುತ್ತದೆ.

ಕೀಬೋರ್ಡ್ ಸರಿಯಿದ್ದೂ ಕೆಟ್ಟಂತೆ ಕಾಣುವ ಸಂದರ್ಭವೊಂದಿದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಬೆನ್ನುಬೆನ್ನಿಗೆ ಐದು ಸಲ ಒತ್ತಿದರೆ ‘ಸ್ಟಿಕಿ ಕೀಸ್’ ಎಂಬ ಸೌಲಭ್ಯ ಶುರು ಮಾಡಲೇ ಎಂದು ಕೇಳುತ್ತದೆ. ಎರಡು ಕೀಗಳನ್ನು ಒಟ್ಟಿಗೆ ಒತ್ತಲಾಗದವರಿಗಾಗಿ, ಒಂದೇ ಕೈಯಲ್ಲಿ ಟೈಪ್ ಮಾಡುವವರಿಗಾಗಿ ಮಾಡಿದ ಒಳ್ಳೆಯ ಏರ್ಪಾಡು ಅದು. ಶಿಫ್ಟ್ ಒತ್ತಿ ಬಿಟ್ಟರೂ ಮುಂದಿನ ಕೀಯ ತನಕ ಒತ್ತಿದಂತೆಯೇ ಲೆಕ್ಕ. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಹಿಡಿದರೆ ‘ಫಿಲ್ಟರ್ ಕೀಸ್’ ಬರುತ್ತದೆ. ಆಗ ಚುಟುಕಾಗಿ ಒತ್ತಿದ್ದನ್ನು ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ, ಎಲ್ಲ ಕೀಗಳೂ ಸತ್ತಂತೆ ಅನ್ನಿಸುತ್ತದೆ. ಗೊತ್ತಿಲ್ಲದೆ ‘ಹೌದು’ ಒತ್ತಿದವರು ಕೀಬೋರ್ಡ್ ಕೆಟ್ಟಿತೆಂದು ತಿಳಿಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ಎಂಬಲ್ಲಿ ಇವೆರಡೂ ಆಫ್ ಇವೆಯೇ ನೋಡಿಕೊಳ್ಳಿ. ಕೀಬೋರ್ಡನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ನೋಡುವುದು ಅದಕ್ಕಿಂತ ಸರಳ. ಅಲ್ಲಿಯೂ ಅದೇ ಕೀ ಕಾಡಿದರೆ ತೊಂದರೆ ಕೀಬೋರ್ಡಿನದೇ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಕೀಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ‘ನುಡಿ’ ಕೀಲಿಮಣೆಯಲ್ಲಿ ಒತ್ತಕ್ಷರ ಮೂಡುವುದು ಎಫ್ ಕೀಯಿಂದ. ಇಂಗ್ಲಿಷ್ ಬರೆಯುವವರು ಎಫ್ ಅನ್ನು ಅಪರೂಪಕ್ಕೆ ಒತ್ತುತ್ತಾರೆ, ನಾವು ಪ್ರತಿ ಸಾಲಿನಲ್ಲೂ ಹಲವು ಸಲ ಒತ್ತುತ್ತೇವೆ. ಆ ಕೀ ಕೈಕೊಟ್ಟರೆ ಕೊಪ್ಪ ‘ಕೊಪಪ’ ಆಗುತ್ತದೆ, ಕಿಗ್ಗ ‘ಕಿಗಗ’ ಆಗುತ್ತದೆ. ಇನ್ನೊಂದು ಶಿಫ್ಟ್. ಮಹಾಪ್ರಾಣ, ದೀರ್ಘ, ಅನುಸ್ವಾರ, ಳಕಾರ, ಣಕಾರ ಎಲ್ಲಕ್ಕೂ ಅದೇ ಬೇಕು. ಶೃಂಗೇರಿ ಎಂದು ಬರೆಯಲು ಏಳು ಕೀ ಒತ್ತುತ್ತೇವೆ, ಅವುಗಳಲ್ಲಿ ನಾಲ್ಕಕ್ಕೆ ಶಿಫ್ಟ್ ಹಿಡಿಯಬೇಕು. ಶಿಫ್ಟ್ ಕೆಲಸ ಮಾಡದಿದ್ದರೆ ಮಳೆ ‘ಮಲೆ’ ಆಗುತ್ತದೆ, ಅಂಟಿಕೊಂಡು ಕೆಳಗೇ ಉಳಿದರೆ ಕಲ ‘ಖಳ’ ಆಗುತ್ತದೆ. ಕೊಪಪ ಎಂಬಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ತಿದ್ದಬಹುದು. ಮಳೆ ಮಲೆಯಾದದ್ದು ಕಣ್ತಪ್ಪಿ ಉಳಿದುಬಿಡುತ್ತದೆ, ಏಕೆಂದರೆ ಎರಡೂ ಅರ್ಥವಿರುವ ಪದಗಳೇ. ಪಹಣಿಯಲ್ಲೋ ಪಾಸ್‌ಬುಕ್ಕಿನಲ್ಲೋ ಹೆಸರಿನ ಒಂದು ಅಕ್ಷರ ಹೀಗೆ ಬದಲಾದರೆ ಅದನ್ನು ತಿದ್ದಿಸಲು ಸಂಬಂಧಪಟ್ಟವರು ಎಷ್ಟು ಸಲ ತಾಲ್ಲೂಕು ಕಚೇರಿಗೆ ಓಡಾಡಬೇಕಾಗುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ನೂರಾರು ಜನರ ಹೆಸರು ಟೈಪ್ ಮಾಡುವ ಕಚೇರಿಯಲ್ಲಿ ಶಿಫ್ಟ್ ಕೀ ಅಂಟುವುದನ್ನು ‘ಹೇಗೋ ನಡೆಯುತ್ತದೆ’ ಎಂದು ಬಿಡಬಾರದು.

ಬಿಚ್ಚುವುದು, ತೊಳೆಯುವುದು

ಮೊದಲ ಕೆಲಸ ವಿದ್ಯುತ್ ಸಂಪರ್ಕ ತಪ್ಪಿಸುವುದು. ಯುಎಸ್‌ಬಿ ವೈರು ಕಿತ್ತಿಡಿ. ವೈರ್‌ಲೆಸ್ ಆದರೆ ಸೆಲ್ ತೆಗೆಯಿರಿ. ಕೀಬೋರ್ಡಿಗೆ ಬರುವುದು ಬರೀ 5 ವೋಲ್ಟ್, ನಮಗೆ ಶಾಕ್ ಹೊಡೆಯುವುದಿಲ್ಲ. ಕಾಳಜಿ ಇರುವುದು ಬೆಳ್ಳಿ ಶಾಯಿಯ ಗೆರೆಗಳ ಬಗ್ಗೆ. ನೀರು ಒಂದೇ ಇದ್ದರೆ ಗೆರೆಗೆ ಹೆಚ್ಚಿನ ಹಾನಿಯಿಲ್ಲ, ಕರೆಂಟ್ ಒಂದೇ ಇದ್ದರೂ ಇಲ್ಲ. ಎರಡೂ ಕೂಡಿದಾಗ ಬೆಳ್ಳಿ ಕರಗಿ ಜಾಗ ಬಿಟ್ಟು ಹೋಗುತ್ತದೆ. ಒದ್ದೆ ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿಟ್ಟು ‘ತಾನೇ ಒಣಗಲಿ’ ಎಂದು ಕಾಯುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ನಂತರ ಮೊಬೈಲಿನಲ್ಲಿ ಕೀಬೋರ್ಡಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಟೋಪಿಗಳನ್ನು ಬಿಚ್ಚಿದ ಮೇಲೆ ಯಾವುದು ಎಲ್ಲಿ ಎಂದು ಹುಡುಕುವಾಗ ಅದು ಬೇಕಾಗುತ್ತದೆ. ಒಂದೆರಡು ಕೀ ಮಾತ್ರ ನಿಧಾನವಾಗಿದ್ದರೆ ಆ ಟೋಪಿಗಳನ್ನಷ್ಟೇ ತೆಗೆದರೆ ಸಾಕು. ಡೆಸ್ಕ್‌ಟಾಪ್ ಕೀಬೋರ್ಡ್ ಆದರೆ ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ, ಟೋಪಿಯ ಅಡಿ ತೂರಿಸಿ, ನೇರ ಮೇಲಕ್ಕೆ ಎತ್ತಿ. ಓರೆಯಾಗಿ ಮೀಟಿದರೆ ಒಳಗಿನ ಕಂಬ ಮುರಿಯುತ್ತದೆ. ಅಗಲದ ಕೀಗಳನ್ನು ಮೊದಲು ಮುಟ್ಟಬೇಡಿ. ತೆಗೆಯಲೇಬೇಕಾದರೆ ತಂತಿ ಯಾವ ಕೊಕ್ಕೆಯಲ್ಲಿ ಹೇಗೆ ಕೂತಿದೆ ಎಂದು ನೋಡಿಕೊಂಡು ನಿಧಾನವಾಗಿ ಬಿಡಿಸಿ.

ಬಿಚ್ಚಿದ ಟೋಪಿಗಳನ್ನು ಉಗುರು ಬೆಚ್ಚನೆಯ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕುದಿನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಗ್ಗದ ಕೀಬೋರ್ಡಿನಲ್ಲಿ ಅಕ್ಷರ ಮೇಲೆಮೇಲೆ ಅಚ್ಚಾಗಿರುವುದರಿಂದ ಅಕ್ಷರದ ಮೇಲೆ ಜೋರಾಗಿ ಉಜ್ಜಬಾರದು. ಕೀಬೋರ್ಡಿನ ಕಡೆ, ಟೋಪಿ ಜಾರುವ ಗೂಡಿನೊಳಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿ ತಿರುಗಿಸಿ. ಸಕ್ಕರೆ ಕರಗಲು ಕೊಂಚ ಹೊತ್ತು ಬೇಕು, ಒಂದೇ ಸಲಕ್ಕೆ ಬಿಡಲಿಲ್ಲವೆಂದು ಕೆರೆಯಬೇಡಿ. ಎರಡು ಮೂರು ಸಲ ಒದ್ದೆ ಕಡ್ಡಿ, ಕೊನೆಗೆ ಸ್ಪಿರಿಟ್ ಅದ್ದಿದ ಕಡ್ಡಿ. ಉಳಿದ ಜಿಡ್ಡನ್ನು ತೆಗೆಯುವುದರ ಜೊತೆಗೆ ಸ್ಪಿರಿಟ್ ನೀರಿನೊಂದಿಗೆ ಬೆರೆತು ಬೇಗ ಆರಿಹೋಗುತ್ತದೆ. ನಮ್ಮ ಮಳೆಗಾಲಕ್ಕೆ ಅದರ ದೊಡ್ಡ ಉಪಕಾರವೇ ಇದು.

ಸ್ಪಿರಿಟ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರವೂ ಇರುತ್ತದೆ. ಗಾಯಕ್ಕೆ ಹಚ್ಚುವ ಸರ್ಜಿಕಲ್ ಸ್ಪಿರಿಟ್‌ನ ಕೆಲವು ತಯಾರಿಕೆಗಳಲ್ಲಿ ಹರಳೆಣ್ಣೆಯಂಥದ್ದು ಸೇರಿರುತ್ತದೆ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಆರಿಸಿ ನೋಡಿ, ಜಿಡ್ಡಿನ ಗುರುತು ಉಳಿದರೆ ಅದು ಈ ಕೆಲಸಕ್ಕೆ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ಲೂ ಬೇಡ, ಅದರಲ್ಲಿನ ಗ್ಲಿಸರಿನ್ ಒಳಗೇ ಉಳಿದು ಹೊಸ ಅಂಟಾಗುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್, ಪೇಂಟ್ ಥಿನ್ನರ್, ಪೆಟ್ರೋಲ್ ಇವು ಕೀಯ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ ಇಲ್ಲವೇ ಮೆತ್ತಗೆ ಮಾಡುತ್ತವೆ. ಕಿರುಗುಟ್ಟುವ ಬಾಗಿಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಕೆಲವು ದಿನ ಕೀಯನ್ನು ಸಲೀಸು ಮಾಡಿ, ಆಮೇಲೆ ಧೂಳನ್ನೆಲ್ಲ ಹಿಡಿದುಕೊಂಡು ಮೊದಲಿಗಿಂತ ಗಟ್ಟಿಯಾಗಿ ಅಂಟಿಸುತ್ತದೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪ, ಸೊಳ್ಳೆಬತ್ತಿ ಹತ್ತಿರವಿಲ್ಲದ, ಕಿಟಕಿ ತೆರೆದ ಕೋಣೆಯಲ್ಲಿ ಕೂತು ಮಾಡಿ.

ಒಂದಿಡೀ ಲೋಟ ಚೆಲ್ಲಿದ್ದರೆ ಮೇಲಿನಿಂದ ಒರೆಸುವುದು ಸಾಲದು, ಹಾಳೆಗಳ ತನಕ ಹೋಗಲೇಬೇಕು. ಕೀಬೋರ್ಡನ್ನು ಬೋರಲು ಹಾಕಿ ಹಿಂದಿನ ಸ್ಕ್ರೂಗಳನ್ನೆಲ್ಲ ತೆಗೆಯಿರಿ. ಎಲ್ಲ ತೆಗೆದರೂ ಬಿಡದಿದ್ದರೆ ಕಂಪನಿಯ ಚೀಟಿಯ ಅಡಿಯಲ್ಲಿ ಒಂದು ಸ್ಕ್ರೂ ಅಡಗಿರಬಹುದು, ಬೆರಳಿನಿಂದ ಸವರಿದರೆ ಗುಳಿ ತಿಳಿಯುತ್ತದೆ. ಬೋರಲಾಗಿಯೇ ಬಿಚ್ಚುವುದು ಮುಖ್ಯ, ತಿರುಗಿಸಿದರೆ ಬಿಡಿ ರಬ್ಬರ್ ಬಟ್ಟಲುಗಳು ಕೋಣೆ ತುಂಬ ಚೆದುರುತ್ತವೆ. ಹಾಳೆಗಳ ಅಂಚು ಚಿಪ್ಪಿರುವ ಪುಟ್ಟ ಬೋರ್ಡಿನ ಅಡಿಗೆ ಸೇರಿ, ಒಂದೆರಡು ಸ್ಕ್ರೂಗಳ ಬಿಗಿತದಲ್ಲಿ ನಿಂತಿರುತ್ತದೆ. ಅದನ್ನು ಬಿಡಿಸಿ, ಹಾಳೆಗಳನ್ನು ಹೊರತೆಗೆದು, ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಗೆರೆಗಳ ಉದ್ದಕ್ಕೂ ಹಗುರವಾಗಿ ಒರೆಸಿ. ಮೂರೂ ಹಾಳೆಗಳು ಅಂಚಿನಲ್ಲಿ ಬೆಸೆದುಕೊಂಡಿದ್ದರೆ ಕಿತ್ತು ಬೇರೆ ಮಾಡಲು ಹೋಗಬೇಡಿ. ರಬ್ಬರನ್ನು ಸೋಪಿನಲ್ಲಿ ತೊಳೆದು ಒಣಗಿಸಬಹುದು. ಎಲ್ಲೋ ಒಂದು ಕಡೆ ಗೆರೆ ಕಪ್ಪಾಗಿ ತುಂಡಾಗಿದ್ದರೆ, ವಿದ್ಯುತ್ ಹರಿಯುವ ಬೆಳ್ಳಿ ಬಣ್ಣವನ್ನು ಸವರಿ ಜೋಡಿಸಲು ಬರುತ್ತದೆ. ಬೆಸುಗೆ ಹಾಕಲು ಮಾತ್ರ ಬರುವುದಿಲ್ಲ, ಹಾಳೆಯೇ ಕರಗುತ್ತದೆ. ಮರಳಿ ಜೋಡಿಸುವಾಗ ಆ ಚಿಪ್ಪಿನ ಬೋರ್ಡಿನ ಸ್ಕ್ರೂಗಳನ್ನು ಗಟ್ಟಿಯಾಗಿ ಬಿಗಿಯಿರಿ. ಎಲ್ಲ ಸರಿ ಮಾಡಿಯೂ ಒಂದು ಕೀಯೂ ಕೆಲಸ ಮಾಡದೆ ನಿರಾಶರಾಗುವವರಲ್ಲಿ ಬಹಳ ಜನ ಎಡವುವುದು ಇಲ್ಲೇ, ಅಂಚು ಸರಿಯಾಗಿ ಕಚ್ಚಿಕೊಂಡಿರುವುದಿಲ್ಲ.

ಲ್ಯಾಪ್‌ಟಾಪಿಗೆ ಇಷ್ಟು ಧೈರ್ಯ ಬೇಡ. ಕೀಬೋರ್ಡಿನ ಕೆಳಗೇ ಮದರ್‌ಬೋರ್ಡ್ ಇದೆ. ಚೆಲ್ಲಿದ ಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಚಾರ್ಜರ್ ಕೀಳಿ, ಕೈಯಲ್ಲಿ ಬಿಚ್ಚಲು ಬರುವ ಬ್ಯಾಟರಿಯಾದರೆ ತೆಗೆಯಿರಿ. ತೆರೆದ ಲ್ಯಾಪ್‌ಟಾಪನ್ನು ಮೇಜಿನ ಅಂಚಿನಲ್ಲಿ ಬೋರಲು ಹಾಕಿ, ಪರದೆ ಅಂಚಿನಾಚೆ ಇಳಿಬಿದ್ದಿರಲಿ. ದ್ರವ ಬಂದ ದಾರಿಯಲ್ಲೇ ಹಿಂದಿರುಗಬೇಕು. ‘ಆನ್ ಆಗುತ್ತದೆಯೇ ನೋಡೋಣ’ ಎಂಬ ಆಸೆಯನ್ನು ಎರಡು ದಿನವಾದರೂ ತಡೆದುಕೊಳ್ಳಿ. ಬಿದ್ದದ್ದು ಬರೀ ನೀರಾದರೆ ಒಣಗಿದ ಮೇಲೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಕಾಫಿಯಾದರೆ ಒಣಗಿಸುವುದರಿಂದ ಸಕ್ಕರೆ, ಹಾಲು ಒಳಗೇ ಉಳಿಯುತ್ತವೆ. ತಿಳಿದವರಿಂದ ಬಿಚ್ಚಿಸಿ ತೊಳೆಸುವುದೇ ದಾರಿ, ಅದೂ ತಡಮಾಡದೆ. ಇಂದು ಚೆನ್ನಾಗಿ ಓಡಿತೆಂದು ನಂಬಿದರೆ ಮಳೆಗಾಲದಲ್ಲಿ ಆ ಸಕ್ಕರೆ ಮತ್ತೆ ಏಳುತ್ತದೆ. ಬರೀ ಒಂದೆರಡು ಕೀ ಅಂಟಿದ್ದರೆ ಟೋಪಿ ಬಿಚ್ಚದೆಯೇ, ಆರಿಸಿದ ಲ್ಯಾಪ್‌ಟಾಪನ್ನು ಓರೆ ಹಿಡಿದು, ಶೇ. 70ರ ಸ್ಪಿರಿಟ್ ಅದ್ದಿ ಹಿಂಡಿದ ಕಡ್ಡಿಯನ್ನು ಕೀಯ ಸುತ್ತ ಆಡಿಸಿ, ಹತ್ತಾರು ಸಲ ಒತ್ತಿಬಿಟ್ಟು ನೋಡಿ. ಹನಿ ಹನಿಯಾಗಿ ಸುರಿಯಬಾರದು.

ಬೆಲೆಬಾಳುವ ಮೆಕ್ಯಾನಿಕಲ್ ಕೀಬೋರ್ಡ್ ಇರುವವರಿಗೆ ಕೆಲಸ ಹಗುರ. ಅಲ್ಲಿ ಪ್ರತಿ ಕೀಗೂ ಸ್ಪ್ರಿಂಗ್ ಇರುವ ಪ್ರತ್ಯೇಕ ಸ್ವಿಚ್. ಟೋಪಿ ಕೀಳುವ ತಂತಿಯಿಂದ ಟೋಪಿ ತೆಗೆದು ಸ್ವಿಚ್ ಸ್ವಚ್ಛ ಮಾಡಬಹುದು, ಕೆಲವು ಮಾದರಿಗಳಲ್ಲಿ ಸ್ವಿಚ್ಚನ್ನೇ ಕಿತ್ತು ಬೇರೆಯದನ್ನು ಕೂರಿಸಬಹುದು.

ಬಿಸಿಲಿಲ್ಲದ ಊರಿನಲ್ಲಿ ಒಣಗಿಸುವುದು

ಬಯಲುಸೀಮೆಯಲ್ಲಿ ಒಂದು ದಿನಕ್ಕೆ ಒಣಗುವ ಹಾಳೆಗಳು ನಮ್ಮಲ್ಲಿ ಜುಲೈನಲ್ಲಿ ಮೂರು ನಾಲ್ಕು ದಿನವಾದರೂ ಒಳಗೆ ತಂಪಾಗಿಯೇ ಇರುತ್ತವೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಎಲ್ಲರ ಬಾಯಲ್ಲೂ ಇರುವ ಉಪಾಯ. ಅಕ್ಕಿ ತೇವ ಎಳೆಯುವುದು ಅಷ್ಟಕ್ಕಷ್ಟೇ, ತೇವದ ಗಾಳಿಯಲ್ಲಿ ಅಕ್ಕಿಯೇ ಮುಗ್ಗಲಾಗಿರುತ್ತದೆ, ಮೇಲಾಗಿ ಅದರ ಹಿಟ್ಟು ಒಳಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟ ಅಡಿಕೆಗೆ ಸರಿ, ಕೀಬೋರ್ಡಿಗೆ ಹೊಗೆ ಮತ್ತು ಇಲ್ಲಣ ಹಿಡಿಯುತ್ತದೆ. ಅಡಿಕೆ ಡ್ರೈಯರಿನ ಶಾಖ ಹಾಳೆಗಳನ್ನು ಮುದುರಿಸುವಷ್ಟು ಹೆಚ್ಚು. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆ ಗಾಳಿಯಲ್ಲಿ ಮಾತ್ರ.

ಟೇಬಲ್ ಫ್ಯಾನಿನ ಎದುರು ಬಿಡಿಭಾಗಗಳನ್ನು ಹರಡಿ ಒಂದು ದಿನ ಬಿಟ್ಟು, ಆಮೇಲೆ ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ದಿನ ಇಡುವುದು ನಮ್ಮ ಹವೆಗೆ ಹೊಂದುವ ಕ್ರಮ. ಬಣ್ಣ ಬದಲಾಗುವ ಬಗೆಯ ಸಿಲಿಕಾ ಜೆಲ್ ಕೊಂಡರೆ ಅದು ತೇವ ಕುಡಿದು ತುಂಬಿದ್ದು ಕಣ್ಣಿಗೇ ತಿಳಿಯುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ತಿರುಗಿ ಬಳಸಬೇಡಿ.

ಕೀಬೋರ್ಡಿನ ಮೇಲೆ ಬೂಷ್ಟು ಹಿಡಿಯುವುದು ಇನ್ನೊಂದು ತೊಂದರೆ. ಬೆರಳಿನಿಂದ ಇಳಿದ ಜಿಡ್ಡು, ಚರ್ಮದ ಪುಡಿ ಅದಕ್ಕೆ ಆಹಾರ. ಸ್ಪಿರಿಟ್ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಬೀರುವಿನಲ್ಲಿ ಮುಚ್ಚಿಟ್ಟರೆ ವಾರದಲ್ಲಿ ಮರಳುತ್ತದೆ. ಮಳೆಗಾಲದಲ್ಲಿ ಕಂಪ್ಯೂಟರನ್ನು ದಿನಕ್ಕೊಮ್ಮೆಯಾದರೂ ಓಡಿಸುವುದು ಒಳ್ಳೆಯದು, ಒಳಗಿನ ಕಾವು ತೇವವನ್ನು ದೂರವಿಡುತ್ತದೆ. ಕೀಬೋರ್ಡಿಗೆ ಹಾಕುವ ಸಿಲಿಕಾನ್ ಹೊದಿಕೆ ಕಾಫಿಯಿಂದ ಕಾಪಾಡುತ್ತದೆ ನಿಜ, ಆದರೆ ರಾತ್ರಿಯೂ ಹಾಗೇ ಬಿಟ್ಟರೆ ಅಡಿಯಲ್ಲಿ ತೇವ ಕೂಡಿಹಾಕಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದಿಡುವುದು ನನಗೆ ಸರಿ ಕಾಣುತ್ತದೆ. ಇರುವೆ ಸಾಲುಗಟ್ಟಿ ಕೀಗಳ ನಡುವೆ ಇಳಿಯುತ್ತಿದ್ದರೆ ಒಳಗೆ ಸಿಹಿ ಉಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೀಟನಾಶಕ ಹೊಡೆಯಬೇಡಿ, ಅದರಲ್ಲಿನ ಎಣ್ಣೆಯಂಶ ಒಳಗೆ ಕೂರುತ್ತದೆ. ಬಿಚ್ಚಿ ಸಿಹಿಯನ್ನು ತೊಳೆದರೆ ಇರುವೆ ತಾನಾಗಿ ಹೋಗುತ್ತದೆ.

ಇಷ್ಟು ಮಾಡುವ ಬದಲು ಹೊಸದು ಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಪೇಟೆಯಲ್ಲಿ ಇರುವವರು ಹಾಗೆ ಮಾಡಬಹುದು. ಸಿರಿಮನೆ ಕಡೆಯ ಒಂಟಿ ಮನೆಯಿಂದ ಶೃಂಗೇರಿ ಪೇಟೆಗೆ ಹೋಗಿಬರುವುದೆಂದರೆ, ಮರ ಬಿದ್ದು ರಸ್ತೆ ಕಟ್ಟಿದ ದಿನವಂತೂ, ಇಡೀ ದಿನದ ಕೆಲಸ. ಅಷ್ಟರೊಳಗೆ ಆನ್‌ಲೈನ್ ಪಾಠವೋ ಕಚೇರಿಯ ಮೀಟಿಂಗೋ ಕಾಯುವುದಿಲ್ಲ. ಹಾಗಾಗಿ ಅಂಟು, ಕಸ, ಜಿಡ್ಡು ಇಷ್ಟೇ ಆದರೆ ಸರಿಪಡಿಸಿಕೊಳ್ಳುವುದೇ ಮೇಲು. ರಬ್ಬರ್ ಹರಿದಿದ್ದರೆ, ಗೆರೆ ಎರಡು ಮೂರು ಕಡೆ ತುಂಡಾಗಿದ್ದರೆ, ಶಿಫ್ಟ್ ತೊಳೆದ ಮೇಲೂ ನಂಬುವಂತಿಲ್ಲದಿದ್ದರೆ ಬಿಟ್ಟುಬಿಡಿ. ಲ್ಯಾಪ್‌ಟಾಪಿನ ಕೀಬೋರ್ಡ್ ಕೆಟ್ಟಾಗ ಹೊರಗಿನ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕೆಲಸ ಮಾಡಬಹುದು. ಅದೂ ಇಲ್ಲದಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆಯೇ ಕೀಬೋರ್ಡ್ ಮೂಡುತ್ತದೆ, ಮೌಸಿನಲ್ಲಿ ಒತ್ತಿ ಅಂದಿನ ತುರ್ತು ಮುಗಿಸಬಹುದು.

ಸತ್ತ ಡೆಸ್ಕ್‌ಟಾಪ್ ಕೀಬೋರ್ಡನ್ನು ಎಸೆಯುವ ಮೊದಲು ಬಿಚ್ಚಿ ರಬ್ಬರ್ ಬಟ್ಟಲು, ಟೋಪಿ, ಅಗಲದ ಕೀಗಳ ತಂತಿ, ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಒಂದೇ ಕಂಪನಿಯ ಒಂದೇ ಮಾದರಿಗೆ ಇವು ನೇರವಾಗಿ ಕೂರುತ್ತವೆ. ಸೊಸೈಟಿ, ಶಾಲೆ, ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ಒಂದೇ ಮಾದರಿಯ ಹಲವು ಕೀಬೋರ್ಡುಗಳನ್ನು ಒಟ್ಟಿಗೆ ತರಿಸಿರುತ್ತಾರೆ. ಅಂಥ ಕಡೆ ಎರಡು ಕೆಟ್ಟವುಗಳಿಂದ ಒಂದು ಒಳ್ಳೆಯದನ್ನು ಮಾಡಿಕೊಳ್ಳಬಹುದು. ಎಫ್ ಮತ್ತು ಶಿಫ್ಟ್‌ನ ರಬ್ಬರ್ ಮೊದಲು ಸವೆದಿದ್ದರೆ, ಅಪರೂಪಕ್ಕೆ ಒತ್ತುವ ಸ್ಕ್ರಾಲ್ ಲಾಕ್, ಪಾಸ್ ಕೀಗಳ ಅಡಿಯ ಬಟ್ಟಲುಗಳನ್ನು, ಅವು ಬಿಡಿಬಿಡಿಯಾಗಿ ಇದ್ದಲ್ಲಿ, ಅಲ್ಲಿಗೆ ಬದಲಿಸಿ ನೋಡಿ.